ಹನಮವ್ವನ ಫೋನಿಗೆ ಹೋದ ಹಾಡು

"ಈ ದನಿ ನಿಮ್ಮದ ಹೌದಲ್ರಿ?"

ಅಂಗಳದಲ್ಲಿ ಬೈಕ್ ನಿಲ್ಲಿಸಿದ ಎತ್ತರದ ಹುಡುಗ, ಹಸಿರು ಕವರಿನ ಫೋನನ್ನು ಮುಂದೆ ಹಿಡಿದ. ಒಳಗಿಂದ ಭಾಗ್ಯಾಳದೇ ಹಾಡು!

"ಮದುಮಗನ ತಮ್ಮಗ ಒಂಟಿಯಂಥಾ ಗೋಣ, ಹಂದರಕ್ಕ ತಲಿ ಬಡಿಸ್ಯಾನ..."

ಭಾಗ್ಯಾಳ ಎದೆ ಧಸಕ್ಕೆಂದಿತು. ಒಂಟೆ ಕುತ್ತಿಗೆಯವನೆಂದು ಹಾಡು ಛೇಡಿಸುವ ಮದುಮಗನ ತಮ್ಮ ಮಾಂತೇಶ ಇವನೇ! ಇಲ್ಲಿಯವರೆಗೆ ಫೋಟೋದಲ್ಲಷ್ಟೇ ನೋಡಿದ್ದಳು.

ಅಕ್ಕ ರಾಜೇಶ್ವರಿಯ ಮದುವೆ ದುಮ್ಮವಾಡದ ಯಲ್ಲೇಶನ ಜೊತೆ ಬರುವ ಸೋಮವಾರ. ಬೀಗರನ್ನು ಛೇಡಿಸುವ ಹಾಡುಗಳನ್ನು ಭಾಗ್ಯಾಳ ಊರು ಯರಗುಪ್ಪಿಯ ಹೆಂಗಸರು ಗುಟ್ಟಾಗಿ ಕಲಿಯುತ್ತಿದ್ದರು. ಮದುವೆಯ ಹಂದರದಲ್ಲಿ ಹಾಡಿದರೆ ಬೀಗರೂ ನಗುತ್ತಾರೆ. ಮೊದಲೇ ಕಿವಿಗೆ ಬಿದ್ದರೆ ಅದು ಬರೀ ಬೈಗುಳ. ಬೇರೆ ಊರಿನ ಚಿಕ್ಕಮ್ಮಂದಿರೂ ಕಲಿಯಲೆಂದು ಭಾಗ್ಯಾ ಅವನ್ನು ರೆಕಾರ್ಡ್ ಮಾಡಿ, ಆನ್‌ಲೈನ್ ಡ್ರೈವ್‌ನ ಒಂದು ಫೋಲ್ಡರ್‌ಗೆ ಹಾಕಿ, ಲಿಂಕ್ ಕಳಿಸಿದ್ದಳು. ಅವಸರದಲ್ಲಿ ಅದು ಮದುಮಗನ ತಾಯಿ ಹನಮವ್ವನಿಗೂ ಹೋಗಿತ್ತು! ಗೊತ್ತಾದ ಕೂಡಲೇ ಆ ಮೆಸೇಜ್ ಅಳಿಸಿದ್ದಳು.

'ನನ್ನಿಂದ ಅಕ್ಕನ ಮದುವೆ ಮುರಿಯಿತು...'

"ನಿಮ್ಮ ಅವ್ವಾರು... ಕೇಳಿದ್ರೇನ್ರಿ?"

"ಇದು ಅವ್ವನ ಫೋನ್. ರಿಪೇರಿ ಮಾಡಿಸ್ತೀನಂತ ಸುಳ್ಳ ಹೇಳಿ ತಂದೀನಿ. ಆಕಿ ಕೇಳಿಲ್ರಿ."

ಭಾಗ್ಯಾ ಕಟ್ಟೆಯ ಮೇಲೆ ಕೂತಳು. ಇವನು ಜಗಳಕ್ಕೆ ಬಂದವನಲ್ಲ!

"ಆದ್ರ ಅವ್ವ ಏನ ಬಂದ್ರೂ ನೋಡದನ ಮುಂದ ಕಳಸ್ತಾಳ. ನಮ್ಮ ಸೋದರತ್ತಿಗೋಳಿಗೆಲ್ಲಾ ಹೋಗೇತಿ. ಈಗ ಹೊಲದಾಗ ಅದಾರ, ಸಂಜಿಗೆ ಫೋನ್ ಹಿಡೀತಾರ. ನೀವು ಮೆಸೇಜ್ ಅಳಸಿದ್ರ ಲಿಂಕ್ ಸಾಯಂಗಿಲ್ರಿ. ಇದನ್ನ ಹೇಳಾಕ ಎಷ್ಟ ಫೋನ್ ಮಾಡಿದೆ!"

"ಬೈತೀರಂತ ಅಂಜಿ ಎತ್ತಲಿಲ್ರಿ..."

ಆಕೆ ತನ್ನ ಫೋನಿನಲ್ಲಿ ಲಿಂಕಿನ ಸೆಟ್ಟಿಂಗ್ ತೆರೆದಳು. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದಿತ್ತು. ಅದನ್ನು ಬದಲಿಸಿ, ಚಿಕ್ಕಮ್ಮಂದಿರ ಇಮೇಲ್ ಮಾತ್ರ ಸೇರಿಸಿದಳು.

"ಈಗ ಲಿಂಕ್ ಒತ್ರಿ."

ಒತ್ತಿದ. ಹಾಡಿಲ್ಲ. 'ನಿಮಗೆ ಅನುಮತಿ ಬೇಕು' ಎಂಬ ಸಾಲಷ್ಟೇ!

"ನನ್ನ ಹೊರಗ ಹಾಕೇತ್ರೀ!"

ಭಾಗ್ಯಾ ನಕ್ಕುಬಿಟ್ಟಳು.

"ಅದಿರ್ಲಿ, ಒಂಟಿಯಂಥಾ ಗೋಣ ಅಂತ ಕಟ್ಟಿದಾಕಿ ಯಾರ್ರಿ?"

"...ನಾನ."

"ಫೋಟೋ ಅಷ್ಟ ದಿಟ್ಟಿಸಿ ನೋಡಿದ್ರೇನು?"

ಕೆನ್ನೆ ಬಿಸಿಯಾಯಿತು.

ಸೋಮವಾರ ಹಂದರದಲ್ಲಿ ಹಾಡು ಮೊಳಗಿದಾಗ ಹನಮವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಮ್ಮೂರಿಗೆ ಬರ್ರಿ, ನಿಮಗೂ ಐತಿ!" ಎಂದು ಕೈ ತಿರುವಿದಳು. ಭಾಗ್ಯಾಳ ಎದೆಯ ಮೇಲಿನ ಕಲ್ಲು ಆಗ ಇಳಿಯಿತು.

ಅಷ್ಟರಲ್ಲಿ ಫೋನ್ ಮಿಡಿಯಿತು. ಮಾಂತೇಶ ಆ ಫೋಲ್ಡರ್‌ಗೆ ಅನುಮತಿ ಕೇಳಿದ್ದ. ಭಾಗ್ಯಾ ಮೆಸೇಜ್ ಮಾಡಿದಳು.

"ಹಾಡೆಲ್ಲಾ ಮುಗದಾವಲ್ರಿ, ಇನ್ನ ಯಾಕ?"

"ನಮ್ಮ ಕಡಿ ಉತ್ರ ಹಾಕಬೇಕಲ್ರಿ?"

ಅನುಮತಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅದೇ ಫೋಲ್ಡರ್‌ಗೆ ಅವನ ದನಿಯ ಹೊಸ ಹಾಡೊಂದು ಬಂತು. ಕಂಬದ ಮರೆಗೆ ಹೋಗಿ ಕಿವಿಗೆ ಹಿಡಿದಳು. ತಾಳವಿಲ್ಲ, ರಾಗವಿಲ್ಲ...

"ಒಂಟಿಯಂಥಾ ಗೋಣ ಬಾಗಿಸಿ ನಿಂತೀನಿ, ಮಾಲಿ ಹಾಕಾಕ ಬರ್ತೀಯೇನ..."

ಭಾಗ್ಯಾಳ ಕಣ್ಣು ತುಂಬಿತು. ಹಿಂದೆ ಸಪ್ಪಳವಾಯಿತು. ಮಾಂತೇಶ ಹಂದರದ ಬಿದಿರ ಗಳಕ್ಕೆ ನಿಜವಾಗಿಯೂ ತಲೆ ಬಡಿಸಿಕೊಂಡಿದ್ದ!

ಭಾಗ್ಯಾ ಫೋನಿನಲ್ಲಿ ಅನುಮತಿ ಪಟ್ಟಿಯಿಂದ ಒಂದೊಂದೇ ಹೆಸರು ತೆಗೆಯತೊಡಗಿದಳು.

"ನನ್ನ ಹೆಸ್ರ ತಗೀತೀರೇನು?" ಅವನ ದನಿ ಇಳಿಯಿತು.

"ನಿಮ್ದಲ್ರಿ, ನಮ್ಮ ಚಿಗವ್ವಾರದು. ಅವರು ಕೇಳಿದ್ರ ಮುಂದಿನ ಲಗ್ನದಾಗ ಇದನ್ನ ಹಾಡಿ ಮಾನ ಕಳೀತಾರ."

"ಮುಂದಿನ ಲಗ್ನ... ಯಾರ್ದ್ರಿ?"

"ಸ್ವಲ್ಪ ಬಗ್ಗ್ರಿ... ಕಿವಿಯಾಗ ಹೇಳ್ತೀನಿ."