ಅಮ್ಮ ಬ್ಯಾಗಿನಲ್ಲಿ ತಂದ ಪದಕ

ಆ ಕಣ್ಣುಗಳು...!

ಕಾಫಿ ಲೋಟ ಕೊಡಲು ಬಗ್ಗಿದ ಲಾಸ್ಯಳ ಕೈ ಅಲ್ಲೇ ನಿಂತಿತು. ಅಗ್ರಹಾರದ ತಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದ ವಿಶ್ವನಾಥನನ್ನು ಅವಳು ಮೊದಲೇ ನೋಡಿದ್ದಳು!

"ನಮ್ಮ ಹುಡುಗನಿಗೆ ಸರ್ಕಾರದೋರೇ ಪದಕ ಕೊಟ್ಟಿದ್ದಾರೆ ಕಣಮ್ಮ." ಅವನ ತಾಯಿ ದಾಕ್ಷಾಯಣಮ್ಮ ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದರು. "ಕೊರೊನಾ ಟೈಮಲ್ಲಿ ದುಡಿದ ಸ್ವಯಂಸೇವಕರ ನೆನಪಿಗಂತೆ. ಎಷ್ಟು ಜನಕ್ಕೆ ಹೆಗಲು ಕೊಟ್ಟನೋ!"

"ಅಮ್ಮಾ, ಸಾಕು..." ವಿಶ್ವನಾಥ್ ತಲೆ ತಗ್ಗಿಸಿದ.

ಲಾಸ್ಯಳಿಗೆ ಮೈಯೆಲ್ಲ ಉರಿಯಿತು. ಅವಳೂ ಅದೇ ಸ್ವಯಂಸೇವಕರ ತಂಡದಲ್ಲಿದ್ದಳು. ಸ್ಮಶಾನದ ಗೇಟಿನ ಬಳಿ ದಿಕ್ಕಿಲ್ಲದ ಹೆಂಗಸೊಬ್ಬರ ಶವ. ಸ್ಟ್ರೆಚರಿನ ಒಂದು ತುದಿ ಅವಳ ಕೈಯಲ್ಲಿ. ಇನ್ನೊಂದು ತುದಿ ಹಿಡಿದವನು, ಇದೇ ಕಣ್ಣುಗಳವನು, ಅದನ್ನು ನೆಲಕ್ಕಿಟ್ಟು ಓಡಿದ್ದ. ಮತ್ತೆ ಬರಲೇ ಇಲ್ಲ!

"ಹೆಗಲಾ? ಇವರು ಹೆಣ ಬಿಟ್ಟು ಓಡಿಹೋದ್ರು! ಜೊತೆಲಿ ನಾನೇ ಇದ್ದೆ."

ದಾಕ್ಷಾಯಣಮ್ಮನ ಮುಖದಲ್ಲಿ ನಗು ಹಾಗೇ ಉಳಿದಿತ್ತು. "ವಿಶ್ವ... ಸುಳ್ಳು ಅಲ್ವೇನೋ?"

"ನಿಜ ಅಮ್ಮ. ತಂಡದವರಿಗೆಲ್ಲ ಕೊಟ್ರು, ನಂಗೂ ಬಂತು. ನಿಮ್ಮ ಖುಷಿ ನೋಡಿ ಹೇಳೋಕೆ ಬಾಯೇ ಬರ್ಲಿಲ್ಲ."

ಆ ತಾಯಿ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ಎದ್ದರು. ಯಾರ ಮುಖವನ್ನೂ ನೋಡಲಿಲ್ಲ.

ಅವರು ಹೋದ ಮೇಲೆ ಲಾಸ್ಯಳ ತಂದೆ ಶಿವಲಿಂಗಯ್ಯ ಮೆಲ್ಲಗೆ ಕೇಳಿದರು. "ಸತ್ಯಾನೇ ಹೇಳ್ದೆ ಕಣಮ್ಮ. ಆದ್ರೆ ಆ ತಾಯಿ ಏನು ತಪ್ಪು ಮಾಡಿದ್ರು?"

ಲಾಸ್ಯಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. 'ಛೇ... ನನ್ನ ಬಾಯಿಗೆ ಏನು ಬಂದಿತ್ತು?'

ಮರುದಿನ ಬೆಳಿಗ್ಗೆಯೇ ಒಂಟಿಕೊಪ್ಪಲಿನ ಅವರ ಮನೆಗೆ ಹೋದಳು. ಬಾಗಿಲು ತೆರೆದ ದಾಕ್ಷಾಯಣಮ್ಮನ ಕಾಲಿಗೆ ಬಗ್ಗಿದಳು. "ಕ್ಷಮಿಸಿ ಅಮ್ಮ... ನಿಮ್ಮೆದುರಿಗೆ ಹಾಗೆ ಹೇಳಬಾರದಿತ್ತು."

ಅವರು ಅವಳ ಭುಜ ಹಿಡಿದೆತ್ತಿದರು. "ನಿನ್ನೆಯಿಂದ ಊಟಾನೇ ಮಾಡಿಲ್ಲ ಅವನು. ಹಿತ್ತಲಲ್ಲಿದ್ದಾನೆ, ಹೋಗಿ ಮಾತಾಡಮ್ಮ."

ಅವಳನ್ನು ಕಂಡು ವಿಶ್ವನಾಥ್ ಗಾಬರಿಯಿಂದ ಎದ್ದು ನಿಂತ.

"ನೀವ್ಯಾಕೆ ಬರೋಕೆ ಹೋದ್ರಿ? ನಾಚಿಕೆಪಡಬೇಕಾದವನು ನಾನು."

"ಅವತ್ತು ಯಾಕೆ ಓಡಿದ್ರಿ?" ಏನೋ ಕಾರಣವಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

"ಕಾರಣ ಏನಿಲ್ಲ ಕಣ್ರೀ. ಹೆದರ್ಕೊಂಡೆ, ಅಷ್ಟೇ. ಆದ್ರೆ ನಿಮ್ಮೊಬ್ಬರನ್ನೇ ಬಿಟ್ಟು ಬಂದೆನಲ್ಲ... ಅದು ಇವತ್ತಿಗೂ ಚುಚ್ಚುತ್ತೆ."

ಒಂದು ಸುಳ್ಳು ನೆಪವನ್ನೂ ಹೇಳಲಿಲ್ಲವಲ್ಲ! ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಲಾಸ್ಯಳ ಬಾಯಿಂದ ತಾನಾಗಿಯೇ ಹೊರಬಂತು.

"ನಾನೂ ಓಡ್ತಿದ್ದೆ... ಮನಸ್ಸಲ್ಲಿ ಒಂದು ಹೆಜ್ಜೆ ಇಟ್ಟಾಗಿತ್ತು. ಅಷ್ಟರಲ್ಲಿ ನೀವು ಓಡಿಬಿಟ್ರಿ! ಇಬ್ಬರೂ ಹೋದ್ರೆ ಆ ಹೆಂಗಸಿಗೆ ಯಾರು ಗತಿ ಅಂತ ನಿಂತೆ. ನಂಗೂ ಅದೇ ಪದಕ ಕೊಟ್ಟಿದ್ದಾರೆ. ಯಾರಿಗೂ ತೋರಿಸಿಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಇಬ್ಬರ ಕಣ್ಣೂ ಒದ್ದೆ...

"ಇನ್ನೊಂದ್ಸಲ ನಮ್ಮನೆಗೆ ಬರ್ತೀರಾ?" ಅವಳು ಕೇಳಿದಳು.

"ಯಾವ ಮುಖ ಇಟ್ಕೊಂಡು ಬರ್ಲಿ ಲಾಸ್ಯ?"

"ಇದೇ ಮುಖ. ಅವತ್ತು ಮಾಸ್ಕ್ ಇತ್ತು, ನಿನ್ನೆ ನಂಗೆ ಕೋಪ ಇತ್ತು... ನಾನಿನ್ನೂ ಸರಿಯಾಗಿ ನೋಡೇ ಇಲ್ಲ!"