ಇಳುಕಲಿಗೆ ಹದಿನಾರು, ಏರಿಗೆ ಎಂಟು

ಹತ್ತಿ ವ್ಯಾಪಾರಿ ನೀಲಕಂಠಪ್ಪನ ಹೆಣ ಸಂಜೆ ಐದಕ್ಕೆ ಹುಬ್ಬಳ್ಳಿಯ ಅವನದೇ ವಖಾರಿಯಲ್ಲಿ ಸಿಕ್ಕಿತು. ಎದೆಗೆ ಚೂರಿ ಇಳಿದಿತ್ತು. ಅದು 1938ರ ಮಾರ್ಚ್.

"ಮಧ್ಯಾಹ್ನ ಗೌಸಮೊದ್ದೀನ ಸೈಕಲ್ ಹತ್ತಿ ಓಡಿದ್ದನ್ನ ನಾನ ನೋಡೇನ್ರಿ," ಎಂದ ಅವನ ತಮ್ಮ ಮುರುಗೆಪ್ಪ.

ಗೌಸ ಧಾರವಾಡದಲ್ಲಿ ಸೈಕಲ್ ರಿಪೇರಿ ಮಾಡುವವನು. ಹಿಂದಿನ ವಾರವಷ್ಟೇ ಪೇಟೆಯಲ್ಲಿ ನೀಲಕಂಠಪ್ಪನೊಂದಿಗೆ ಜಗಳವಾಡಿದ್ದ. ಅಂದು ಎರಡಕ್ಕೆ ಅಂಗಡಿ ಮುಚ್ಚಿದವನು ನಾಲ್ಕೂ ಹತ್ತಕ್ಕೆ ತೆರೆದಿದ್ದ. ಆ ನಡುವೆ ರೈಲಿರಲಿಲ್ಲ.

"ಕೆಲಗೇರಿ ಕೆರ್ಯಾಗ ಈಜಾಕ ಹೋಗಿದ್ನಿರಿ," ಎಂದ ಗೌಸ. ಕಂಡವರು ಯಾರೂ ಇಲ್ಲ.

ಫೌಜದಾರ ಮೈಲಾರಪ್ಪ ಕಾರಣ ಹೇಳದೆ ಅವನಿಂದ ಸೈಕಲ್ ತುಳಿಸಿ ನೋಡಿದರು. ಗೌಸ ಹೆಮ್ಮೆಯಿಂದ ಉಸಿರು ಕಟ್ಟಿ ತುಳಿದ. ಹುಬ್ಬಳ್ಳಿ ಕಡೆಯ ಇಳುಕಲಿಗೆ ತಾಸಿಗೆ ಹದಿನಾರು ಮೈಲಿ, ಮರಳುವ ಏರಿಗೆ ಎಂಟು. ಸರಾಸರಿ ಹನ್ನೆರಡು. ಹೋಗಿಬರಲು ಇಪ್ಪತ್ನಾಲ್ಕು ಮೈಲಿ, ಅಂದರೆ ಎರಡು ತಾಸು. ಕೊಲೆಗೆ ಹತ್ತು ನಿಮಿಷ.

ಲೆಕ್ಕ ಕೂಡಿತು. ಗೌಸನನ್ನು ಲಾಕಪ್ಪಿಗೆ ಹಾಕಿದರು. ಮೂರನೆಯ ದಿನ ಅವನು ಅಲ್ಲೇ ನೇಣು ಹಾಕಿಕೊಂಡ.

\* \* \*

ವಾರದ ಮೇಲೆ ಅವನ ಹೆಂಡತಿ ಅಬೀದಾ ಠಾಣೆಗೆ ಬಂದಳು.

"ಸಾಹೇಬ್ರ, ನೀವ ಒಮ್ಮಿ ತುಳದ ನೋಡ್ರಿ. ಇಳ್ಯಾಕ ಹೊತ್ತ ಹತ್ತೂದಿಲ್ಲ. ಏರಾಗ ಜೀವ ಹೋಗತೈತಿ."

ಅವಳು ಹೋದಮೇಲೆ ಮೈಲಾರಪ್ಪ ಪೆನ್ಸಿಲ್ ಹಿಡಿದರು. ಇಳುಕಲಿನ ಹನ್ನೆರಡು ಮೈಲಿಗೆ ಮುಕ್ಕಾಲು ತಾಸು. ಏರಿನ ಹನ್ನೆರಡಕ್ಕೆ ಒಂದೂವರೆ. ಕೂಡಿದರೆ ಎರಡೂಕಾಲು ತಾಸು. ಸರಾಸರಿ ಹನ್ನೊಂದೂ ಮುಟ್ಟಲಿಲ್ಲ. ದೂರ ಎರಡೂ ಕಡೆ ಒಂದೇ, ಹೊತ್ತು ಒಂದೇ ಅಲ್ಲ. ವೇಗಗಳನ್ನು ಕೂಡಿಸಿ ಅರ್ಧ ಮಾಡಿದ್ದೇ ತಪ್ಪು. ಕೊಲೆಯ ಮಾತು ಬಿಡಿ, ಬರೀ ಹೋಗಿಬರುವುದಕ್ಕೇ ಗೌಸನಿಗೆ ಐದು ನಿಮಿಷ ಕಡಿಮೆ ಬೀಳುತ್ತದೆ.

ಅವರು ಟೊಪ್ಪಿಗೆ ಎತ್ತಿಕೊಂಡು ಮುರುಗೆಪ್ಪನ ಮನೆಗೆ ಹೊರಟರು.

\* \* \*

"ಗೌಸ ಅವತ್ತ ಹುಬ್ಬಳ್ಳಿಗೆ ಬಂದೇ ಇಲ್ಲ ಮುರುಗೆಪ್ಪನವರ," ಎಂದರು ಮೈಲಾರಪ್ಪ. "ಬರದವನನ್ನ ನೀವು ಹೆಂಗ ನೋಡಿದ್ರಿ?"

ಮುರುಗೆಪ್ಪನ ಮನೆ ಹುಡುಕಿಸಿದರು. ಅವನ ಟ್ರಂಕಿನ ತಳದಲ್ಲಿ ರಕ್ತ ಒಣಗಿದ ಧೋತರ ಸಿಕ್ಕಿತು.

"ಹತ್ತ ವರ್ಷ ಪಾಲು ಕೇಳಿದ್ನಿರಿ. ಅಣ್ಣ ನಾಯಿಗತೆ ಅಟ್ಟಿದ," ಎಂದು ಕುಸಿದು ಕೂತ. "ಗೌಸನ ಜಗಳ ಊರಿಗೇ ಗೊತ್ತಿತ್ತು. ಅದಕ್ಕ ಅವನ ಹೆಸರ ಹೇಳಿದ್ನಿ."

\* \* \*

ಮೈಲಾರಪ್ಪ ಅಬೀದಾಳ ಮನೆಗೆ ಹೋದರು. ಟೊಪ್ಪಿಗೆ ತೆಗೆದು ಹೊಸಿಲ ಹೊರಗೇ ನಿಂತರು.

"ನಿನ್ನ ಗಂಡನ ತಪ್ಪಿಲ್ಲವ್ವ. ಲೆಕ್ಕ ತಪ್ಪು ಮಾಡಿದ್ದು ನಾನು."

ಅವಳು ಅಳಲಿಲ್ಲ.

"ಖೂನಿ ಮಾಡಿದವನಂತ ಮಯ್ಯತ್ ಎತ್ತಾಕ ನಾಕ ಮಂದಿ ಬರಲಿಲ್ಲರಿ," ಎಂದಳು. "ನಾನೂ ನಮ್ಮತ್ತಿನೂ ಹೆಗಲು ಕೊಟ್ವಿ."