ಬರ್ತೀನಿ ಅಂದಿದ್ದ ಭಾನುವಾರ

"ಇದು ಚೆನ್ನಾಗಿಲ್ಲ. ನಿಮಗೂ ಇಷ್ಟವಾಗಿಲ್ಲ, ಅಲ್ವಾ?"

ವಿವರಿಸುತ್ತಿದ್ದ ಪಲುಪಿ ತಿರುಗಿ ನೋಡಿದಳು. ಜಾವಾ ದ್ವೀಪದ ಯೋಗ್ಯಕರ್ತ ನಗರದ ಆ ಆರ್ಟ್ ಗ್ಯಾಲರಿಯಲ್ಲಿ ಪ್ರತಿ ಶನಿವಾರ ಮೂರು ಗಂಟೆಗೆ ಬಂದವರನ್ನು ಸುತ್ತಾಡಿಸಿ ಕಲಾಕೃತಿಗಳನ್ನು ವಿವರಿಸುವುದು ಅವಳ ಕೆಲಸ. ಆರು ವರ್ಷದಲ್ಲಿ ಒಬ್ಬರೂ 'ನಿಮಗೇನನ್ನಿಸುತ್ತೆ' ಅಂತ ಕೇಳಿರಲಿಲ್ಲ!

ಆ ದಿನ ಬಂದಿದ್ದವನು ಅವನೊಬ್ಬನೇ. ಟಿಗೋರ್, ದೂರದ ಸುಮಾತ್ರಾ ದ್ವೀಪದ ಮೆಡಾನ್ ಕಡೆಯ ಬಟಕ್ ಜನಾಂಗದವನು, ಸೇತುವೆ ಕೆಲಸಕ್ಕೆಂದು ಬಂದ ಎಂಜಿನಿಯರ್. ಅವನು ಚೆನ್ನಾಗಿಲ್ಲ ಎಂದ ಕಲಾಕೃತಿ, ಒಂದು ಸುಟ್ಟ ಮೀನುಬಲೆ, ಎದುರಿನ ಗೋಡೆ ತುಂಬ ತೂಗುತ್ತಿತ್ತು.

"ಮಾಸ್, ಕಲಾವಿದರ ಉದ್ದೇಶ ಏನಂದ್ರೆ..."

"ಅದನ್ನ ಬೋರ್ಡಲ್ಲಿ ಓದಿದೆ. ನಾನು ಕೇಳಿದ್ದು ನಿಮ್ಮನ್ನ. ಮತ್ತೆ ನನ್ನ ಜಾವಾದವರ ಥರ ಮಾಸ್ ಅನ್ಬೇಡಿ, ನಮ್ ಕಡೆ ಗಂಡಸರನ್ನ ಬಾಂಗ್ ಅಂತ ಕರೀತಾರೆ."

ಎಂಥ ಒರಟ, ಅಂದುಕೊಂಡಳು. ಆದರೂ "ಇಷ್ಟವಾಗಿಲ್ಲ" ಎಂದು ಬಾಯಿಬಿಟ್ಟೇಬಿಟ್ಟಳು. ಇಬ್ಬರಿಗೂ ನಗು ಬಂತು.

ಆಮೇಲೆ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಬಾಡಿಗೆ ಕೋಣೆಯಲ್ಲಿ ವಾರವಿಡೀ ಒಬ್ಬಳೇ ಉಣ್ಣುವ ಪಲುಪಿಗೆ ಆ ಒಂದು ಗಂಟೆಯೇ ಹಬ್ಬ.

ಒಂದು ಶನಿವಾರ ಹೊರಡುವಾಗ ಅವನೆಂದ, "ನಾಳೆ ಮಧ್ಯಾಹ್ನ ಊಟಕ್ಕೆ ಮನೆಗೆ ಬನ್ನಿ. ಅಡುಗೆ ನಂದೇ."

"ಹೂಂ ಬಾಂಗ್, ಬರ್ತೀನಿ."

ಜಾವಾದಲ್ಲಿ ಬೇಲಿಯಾಚೆ ಹೋಗುವವರಿಗೂ 'ಬಂದು ಹೋಗಿ' ಅನ್ನುತ್ತಾರೆ. ಅವರೂ ಹೂಂಗುಟ್ಟಿ ಮುಂದೆ ನಡೆಯುತ್ತಾರೆ. ಮೊದಲ ಕರೆಗೇ ಹೋಗಿ ಎಲೆ ಮುಂದೆ ಕೂತರೆ ಮಾನ ಉಳಿಯುತ್ತದೆಯೇ? ನಿಜವಾಗಿ ಕರೆಯುವವನಾದರೆ ಇನ್ನೆರಡು ಸಲ ಕರೆಯಲಿ ಅಂತ ಅವಳು ಭಾನುವಾರ ಹೋಗದೆ ಕಾದಳು.

ಅವನು ಕರೆಯಲಿಲ್ಲ. ಮುಂದಿನ ಶನಿವಾರ ಬರಲೂ ಇಲ್ಲ. ಅದರ ಮುಂದಿನದ್ದೂ ಹಾಗೇ ಹೋಯಿತು...

ನಾಲ್ಕನೇ ಶನಿವಾರ ಮುಂದಿನ ತಿಂಗಳ ಪ್ರದರ್ಶನ, ಉಪನ್ಯಾಸಗಳ ಪಟ್ಟಿ ಬರೆಯುತ್ತಿದ್ದಳು. 'ಶನಿವಾರ ಮೂರು ಗಂಟೆಗೆ' ಎಂದು ಬರೆದವಳ ಕೈ ನಿಂತಿತು. ಬಂದವರಿಗೆಲ್ಲ ವಿವರಿಸುತ್ತೀನಿ, ನನ್ನನ್ನು ಕೇಳುವವರು ಯಾರು? ಕಣ್ಣು ತುಂಬಿ ಬಂತು.

ಟಿಕೆಟ್ ಕೌಂಟರಿನ ಹಿರಿಯಾಕೆ ತುಮಿನಿ, ಎಲ್ಲರ 'ಬು', ಅಂದರೆ ಅಮ್ಮ, ಹತ್ತಿರ ಬಂದರು. "ಆ ಮೆಡಾನಿನವನು ಕಾಣಲ್ವಲ್ಲೇ? ಅಯ್ಯೋ, ಹೇಳೋದೇ ಮರೆತೆ. ಒಂದು ಭಾನುವಾರ ಇಲ್ಲಿಗೆ ಫೋನ್ ಮಾಡಿದ್ದ. ಅನ್ನ ಆರ್ತಾ ಇದೆ, ದಾರೀಲಿ ಪಲುಪಿಯವರಿಗೇನಾದ್ರೂ ಆಯ್ತಾ ಅಂದ."

"ನೀವೇನಂದ್ರಿ ಬು?"

"ಮರ್ಯಾದೆಗೆ ಹೂಂ ಅಂದಿರ್ತಾಳಪ್ಪಾ ಅಂದೆ. ಫೋನ್ ಇಟ್ಬಿಟ್ಟ."

ಪಲುಪಿಗೆ ಈಗ ಹೊಳೆಯಿತು. ಅವನ ಊರಲ್ಲಿ ಹೂಂ ಅಂದರೆ ಹೂಂ ಅಷ್ಟೇ. ಒಂಟಿತನದ ಊಟ ಎಂಥದ್ದೆಂದು ಗೊತ್ತಿದ್ದೂ ನಾನೇ ಅವನಿಗೆ ಅದನ್ನು ಬಡಿಸಿದೆನಲ್ಲಾ...

ವೀಕ್ಷಕರ ಪುಸ್ತಕದಲ್ಲಿ ಅವನ ವಿಳಾಸವಿತ್ತು. ಮರುದಿನ ಮಧ್ಯಾಹ್ನ ಬಾಗಿಲು ತಟ್ಟಿದಳು.

ಟಿಗೋರ್ ಬಾಗಿಲು ತೆರೆದ. "ನಾನು ಕರೆದಿಲ್ವಲ್ಲ?"

"ಇಲ್ಲ. ಕರೆಯದ ಮನೆಗೆ ಬಂದಿರೋದು ಇದೇ ಮೊದಲು."

"ಮರ್ಯಾದೆಗೆ ಬಂದ್ರಾ?"

"ಮರ್ಯಾದೆ ಬಿಟ್ಟು ಬಂದಿದೀನಿ ಬಾಂಗ್. ನೀವಿಲ್ಲದ ಶನಿವಾರ ನನ್ನ ಕೈಲಿ ಆಗ್ತಿಲ್ಲ. ಸುತ್ತಿ ಬಳಸಿ ಹೇಳೋಕೆ ಬರುತ್ತೆ, ಆದ್ರೆ ನಿಮಗೆ ಅರ್ಥ ಆಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ."

ಅವನ ಕಣ್ಣು ಒದ್ದೆಯಾಯಿತು. "ಅವತ್ತು ಕತ್ತಲಾಗೋವರೆಗೂ ಬಾಗಿಲು ಹಾಕಿರಲಿಲ್ಲ ಕಣ್ರೀ... ನಿಮ್ಮ ಹೂಂ ಅಷ್ಟು ಇಷ್ಟ ಆಗಿತ್ತು."

ಮಿಕ್ಕ ಅನ್ನವನ್ನೇ ಇಬ್ಬರೂ ಹಂಚಿಕೊಂಡು ಉಂಡರು. ಕೈ ತೊಳೆಯಲು ನೀರು ಹಾಕುತ್ತಾ ಅವನು ಮೆಲ್ಲಗೆ ಕೇಳಿದ, "ಮತ್ತೆ ಯಾವಾಗ ಬರ್ತೀರ?"

"ಹೋದ್ರೆ ತಾನೆ ಮತ್ತೆ ಬರೋದು?" ಅಂದಳು ಪಲುಪಿ.